ಗಂಡ ಅಮೆರಿಕದಲ್ಲಿ, ವೀಸಾ ಅರ್ಜಿ ಬಾಕಿ: ನಡುವೆ ಹೋಗಿ ನೋಡಿ ಬರಬಹುದಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮದುವೆ 2022ರ ಫೆಬ್ರವರಿಯಲ್ಲಿ ಶಿವಮೊಗ್ಗದಲ್ಲಿ ಆಯಿತು. ಹತ್ತೊಂಬತ್ತನೇ ದಿನಕ್ಕೆ ನನ್ನ ಗಂಡ ನ್ಯೂಜೆರ್ಸಿಗೆ ವಾಪಸ್ ಹೊರಟರು. ಅವರ ಹತ್ತಿರ ಗ್ರೀನ್ ಕಾರ್ಡ್ ಇತ್ತು. ನನ್ನ ಹತ್ತಿರ ಪಾಸ್‌ಪೋರ್ಟ್ ಬಿಟ್ಟು ಬೇರೇನೂ ಇರಲಿಲ್ಲ. ನಾನು ಇಮಿಗ್ರಂಟ್ ವೀಸಾ (ಅಲ್ಲೇ ನೆಲೆಸಲು ಕೊಡುವ ವೀಸಾ) ಪಡೆದು ಅಲ್ಲಿಗೆ ಹೋಗಿ ಸೇರಿದ್ದು 2025ರಲ್ಲಿ. ನಡುವೆ ಒಂದೇ ಒಂದು ಸಲ ವಿಸಿಟರ್ ವೀಸಾದಲ್ಲಿ ಹೋಗಿ ಐದು ವಾರ ಇದ್ದು ಬಂದಿದ್ದೆ. ಆಗಿನಿಂದ ಪರಿಚಯದವರು, ಅವರ ಮಕ್ಕಳು, ಮಕ್ಕಳ ಗೆಳತಿಯರು ಫೋನ್ ಮಾಡಿ ಇದೇ ವಿಷಯ ಕೇಳುತ್ತಾರೆ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿದ್ದೇನೆ.

ಗಂಡ ಎಂದಿರುವ ಕಡೆ ಹೆಂಡತಿ ಎಂದೂ ಓದಿಕೊಳ್ಳಿ, ನಿಯಮ ಇಬ್ಬರಿಗೂ ಒಂದೇ. ನಾನು ವಕೀಲೆ ಅಲ್ಲ. ಹಿಂದೆ ವೀಸಾ ಅವಧಿ ಮೀರಿ ಉಳಿದಿದ್ದರೆ, ಪೊಲೀಸ್ ಕೇಸ್ ಏನಾದರೂ ಇದ್ದರೆ, ಟಿಕೆಟ್ ಮಾಡುವ ಮೊದಲು ಇಮಿಗ್ರೇಶನ್ ವಕೀಲರನ್ನು ಕಾಣಿ.

ಗಂಡ ನಮಗಾಗಿ ಐ-130 ಅನ್ನುವ ಇಮಿಗ್ರಂಟ್ ಅರ್ಜಿ ಹಾಕಿದ ಮೇಲೆ ವಿಸಿಟರ್ ವೀಸಾಕ್ಕೆ ಅರ್ಜಿ ಹಾಕಬಹುದಾ?

ಹಾಕಬಹುದು. ಹಾಕಬಾರದು ಅಂತ ಯಾವ ಕಾನೂನೂ ಹೇಳುವುದಿಲ್ಲ. ಆದರೆ ವೀಸಾ ಸಿಗುವುದು ಕಷ್ಟ.

ಅಮೆರಿಕದ ವಲಸೆ ಕಾನೂನಿನಲ್ಲಿ 214(ಬಿ) ಅಂತ ಒಂದು ಕಲಂ ಇದೆ. ವಿಸಿಟರ್ ವೀಸಾ ಕೇಳುವ ಪ್ರತಿಯೊಬ್ಬರೂ ಅಲ್ಲೇ ಉಳಿಯುವವರು ಅಂತಲೇ ಅಧಿಕಾರಿ ಮೊದಲು ಅಂದುಕೊಳ್ಳಬೇಕು. ಹಾಗಲ್ಲ ಅಂತ ತೋರಿಸುವ ಹೊಣೆ ನಮ್ಮದು. ನಮ್ಮ ವಿಷಯದಲ್ಲಿ ಗಂಡ ಐ-130 ಹಾಕಿ, 'ಇವಳು ಇಲ್ಲಿಗೆ ಬಂದು ನೆಲೆಸುತ್ತಾಳೆ' ಅಂತ ಬರೆದುಕೊಟ್ಟಾಗಿದೆ. ಅದನ್ನು ಅಧಿಕಾರಿಯಿಂದ ಮುಚ್ಚಿಡಲು ಆಗುವುದಿಲ್ಲ, ಮುಚ್ಚಿಡಲೂಬಾರದು.

ನೀವು ಹೇಳಬೇಕಾದದ್ದು ಇಷ್ಟೇ. ಮುಂದೊಂದು ದಿನ ಅಲ್ಲಿ ನೆಲೆಸುವ ಆಸೆ ಇದೆ, ನಿಜ. ಅದಕ್ಕೆ ಬೇರೆ ವೀಸಾ ಇದೆ, ಅದು ಬರುವವರೆಗೆ ಕಾಯುತ್ತೇನೆ. ಈ ಸಲ ಹೋಗುತ್ತಿರುವುದು ನೋಡಿಕೊಂಡು ಬರಲು ಮಾತ್ರ. ಈ ಎರಡನ್ನೂ ಒಟ್ಟಿಗೆ ನಂಬುವಂತೆ ಹೇಳಿದವರಿಗೆ ವೀಸಾ ಸಿಕ್ಕಿದೆ. ಎಲ್ಲರಿಗೂ ಸಿಗುತ್ತದೆ ಅಂತ ಹೇಳಲಾರೆ.

ವಿಸಿಟರ್ ವೀಸಾಕ್ಕೆ ತುಂಬುವ ಡಿಎಸ್-160 ಫಾರಂನಲ್ಲಿ ಐ-130 ಬಗ್ಗೆ ಕೇಳುತ್ತಾರಾ? 'ಇಲ್ಲ' ಅಂತ ಹಾಕಿದರೆ ಏನಾಗುತ್ತೆ?

ನೇರವಾಗಿಯೇ ಕೇಳುತ್ತಾರೆ. ನಿಮ್ಮ ಪರವಾಗಿ ಯಾರಾದರೂ ಅಮೆರಿಕದ ವಲಸೆ ಇಲಾಖೆಯಾದ ಯುಎಸ್‌ಸಿಐಎಸ್‌ನಲ್ಲಿ ಇಮಿಗ್ರಂಟ್ ಅರ್ಜಿ ಹಾಕಿದ್ದಾರಾ ಅಂತ ಒಂದು ಪ್ರಶ್ನೆ ಇದೆ. ಗಂಡ ಅಮೆರಿಕದಲ್ಲಿದ್ದಾರಾ, ಅವರ ಬಳಿ ಗ್ರೀನ್ ಕಾರ್ಡ್ ಇದೆಯಾ, ಅವರು ಸಿಟಿಜನ್ನಾ ಅನ್ನುವುದೂ ಇದೆ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕಂದರೆ ನಾನು ಇನ್ನೇನು ಹಾಳಾಗುತ್ತಿದ್ದೆ. ಫಾರಂ ತುಂಬಿಸಲು ಒಬ್ಬ ಏಜೆಂಟರ ಹತ್ತಿರ ಹೋಗಿದ್ದೆ. ಅವರು ಆ ಪ್ರಶ್ನೆ ಬಂದಾಗ ತಲೆಯನ್ನೂ ಎತ್ತದೆ 'ಇಲ್ಲ' ಒತ್ತಿ ಮುಂದೆ ಹೋದರು. ನಾನು ಕೇಳಿದ್ದಕ್ಕೆ, "ಹೌದು ಅಂತ ಹಾಕಿದ್ರೆ ರಿಜೆಕ್ಟ್ ಆಗುತ್ತೆ ಮೇಡಂ, ಎಲ್ಲರೂ ಹೀಗೇ ಹಾಕೋದು" ಅಂದರು. ಪಕ್ಕದಲ್ಲಿ ಕೂತಿದ್ದ ನನ್ನ ಅಪ್ಪ, ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರು, "ಸಹಿ ಯಾರದು?" ಅಂತ ಒಂದೇ ಮಾತು ಕೇಳಿದರು. ಸಹಿ ನನ್ನದು. ಡಿಎಸ್-160 ಕಳಿಸುವಾಗ ಕೊನೆಗೆ ಒತ್ತುವ ಗುಂಡಿ ಕಾನೂನಿನ ಪ್ರಕಾರ ನಮ್ಮ ಸಹಿ. ಎದ್ದು ಬಂದು ಮನೆಯಲ್ಲಿ ನಾನೇ ತುಂಬಿದೆ.

ಸುಳ್ಳು ಹೇಳಿ ಸಿಕ್ಕಿಬಿದ್ದರೆ ಅದು 212(ಎ)(6)(ಸಿ) ಅಡಿ ಬರುವ ತಪ್ಪು. ಈ ವಿಸಿಟ್ ಒಂದೇ ಹೋಗುವುದಿಲ್ಲ, ಜೀವನಪೂರ್ತಿ ಅಮೆರಿಕಕ್ಕೆ ಕಾಲಿಡದಂತೆ ತಡೆ ಬೀಳುತ್ತದೆ. ಗಂಡ ಹಾಕಿದ ಐ-130 ಮಂಜೂರಾದರೂ ಇಮಿಗ್ರಂಟ್ ವೀಸಾ ಸಿಗದೆ, ಮಾಫಿಗಾಗಿ ಬೇರೆ ಅರ್ಜಿ ಹಾಕಬೇಕಾಗುತ್ತದೆ. ಐ-130 ಇರುವುದು ಅವರ ಕಂಪ್ಯೂಟರಿನಲ್ಲೇ ಕಾಣುತ್ತದೆ. 'ಹೌದು' ಅಂತ ಹಾಕಿ ವೀಸಾ ಸಿಗದಿದ್ದರೆ ಹೋಗುವುದು 185 ಡಾಲರ್ ಫೀ ಮತ್ತು ಚೆನ್ನೈಗೆ ಹೋಗಿ ಬಂದ ಖರ್ಚು. ದಯವಿಟ್ಟು 'ಹೌದು' ಅಂತಲೇ ಹಾಕಿ.

ಸಂದರ್ಶನದಲ್ಲಿ ಏನು ಕೇಳುತ್ತಾರೆ? ಯಾವ ಕಾಗದ ಒಯ್ಯಬೇಕು?

ನನ್ನದು ಚೆನ್ನೈನಲ್ಲಿ ಆಯಿತು, ಜೆಮಿನಿ ಫ್ಲೈಓವರ್ ಪಕ್ಕದ ಕಾನ್ಸುಲೇಟ್. ಒಳಗೆ ಫೋನ್ ಬಿಡುವುದಿಲ್ಲ. ಪ್ಲಾಸ್ಟಿಕ್ ಫೈಲ್ ಒಂದನ್ನೇ ಹಿಡಿದು ನಿಂತಿದ್ದೆ. ಕಿಟಕಿಯ ಮುಂದೆ ಕಳೆದದ್ದು ಹೆಚ್ಚೆಂದರೆ ನಾಲ್ಕು ನಿಮಿಷ.

"ಯಾಕೆ ಹೋಗುತ್ತಿದ್ದೀರಿ?"

"ಗಂಡನನ್ನು ನೋಡಲು. ಬೇಸಿಗೆ ರಜೆಯಲ್ಲಿ, ಐದು ವಾರ."

"ಅವರು ನಿಮಗೆ ಐ-130 ಹಾಕಿದ್ದಾರಲ್ಲ?"

"ಹೌದು, 2022ರ ಜೂನ್‌ನಲ್ಲಿ."

"ಹಾಗಾದರೆ ವಾಪಸ್ ಯಾಕೆ ಬರುತ್ತೀರಿ?"

ಈ ಪ್ರಶ್ನೆಗೆ ನಿಮ್ಮ ಹತ್ತಿರ ನಿಜವಾದ ಉತ್ತರ ಇರಬೇಕು. ನಾನು ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಜೂನ್‌ನಲ್ಲಿ ತರಗತಿ ಶುರುವಾಗುತ್ತೆ, ರಜೆ ಪತ್ರದಲ್ಲಿ ವಾಪಸ್ ಸೇರುವ ತಾರೀಖು ಇದೆ, ಇಮಿಗ್ರಂಟ್ ವೀಸಾ ಮುಂಬೈ ಕಾನ್ಸುಲೇಟ್‌ನಲ್ಲೇ ತೆಗೆದುಕೊಳ್ಳುವುದು ಅಂತ ನಾವಿಬ್ಬರೂ ತೀರ್ಮಾನ ಮಾಡಿದ್ದೇವೆ ಅಂದೆ. ಅವರು ರಜೆ ಪತ್ರ ಕೇಳಿ ಓದಿದರು. ಬ್ಯಾಂಕ್ ಪಾಸ್‌ಬುಕ್, ಅಪ್ಪನ ಮನೆ ಪತ್ರ, ಮದುವೆ ಫೋಟೋ ಯಾವುದನ್ನೂ ನೋಡಲಿಲ್ಲ.

ಒಯ್ಯಬೇಕಾದವು: ಕೆಲಸದ ಪತ್ರ ಮತ್ತು ಸಂಬಳದ ಚೀಟಿ, ಓದುತ್ತಿದ್ದರೆ ಕಾಲೇಜಿನ ಪತ್ರ, ಸಬ್ ರಿಜಿಸ್ಟ್ರಾರ್ ಕೊಟ್ಟ ಮದುವೆ ಪ್ರಮಾಣಪತ್ರ, ಐ-130 ರಸೀದಿ. ಈ ಮೊದಲು ಬೇರೆ ದೇಶಕ್ಕೆ ಹೋಗಿ ಹೇಳಿದ ದಿನಕ್ಕೆ ಬಂದಿದ್ದರೆ ಹಳೇ ಪಾಸ್‌ಪೋರ್ಟ್ ಕೂಡ. ಕೆಲಸ ಬಿಟ್ಟು ಮನೆಯಲ್ಲಿರುವವರಿಗೆ ಇದು ತುಂಬಾ ಕಷ್ಟ ಅನ್ನುವುದು ನನಗೆ ಗೊತ್ತು. 'ಹೇಗೂ ಹೋಗ್ತೀನಲ್ಲ' ಅಂತ ಮದುವೆಯಾದ ಕೂಡಲೇ ರಾಜೀನಾಮೆ ಕೊಟ್ಟವರನ್ನು ನೋಡಿದ್ದೇನೆ. ಆಗುವುದಾದರೆ ಕೆಲಸ ಬಿಡಬೇಡಿ. ವೀಸಾ ಬಿಡಿ, ಕಾಯುವ ಆ ವರ್ಷಗಳಲ್ಲಿ ಮನಸ್ಸಿಗೂ ಒಂದು ಕೆಲಸ ಬೇಕು.

ರಿಜೆಕ್ಟ್ ಆದರೆ ಐ-130ಗೆ ತೊಂದರೆ ಆಗುತ್ತಾ?

ಆಗುವುದಿಲ್ಲ. 214(ಬಿ) ನಿರಾಕರಣೆ ಆ ದಿನದ, ಆ ಅರ್ಜಿಯ ತೀರ್ಮಾನ ಮಾತ್ರ. ಇಮಿಗ್ರಂಟ್ ವೀಸಾದಲ್ಲಿ 'ವಾಪಸ್ ಬರುತ್ತೀರಾ' ಅನ್ನುವ ಪ್ರಶ್ನೆಯೇ ಇಲ್ಲ. ಮುಂದೆ ಯಾವ ಫಾರಂನಲ್ಲಿ 'ಹಿಂದೆ ವೀಸಾ ನಿರಾಕರಿಸಿದ್ದರಾ' ಅಂತ ಕೇಳಿದರೂ ಹೌದು ಅಂತ ಬರೆಯಿರಿ. ಏನೂ ಬದಲಾಗದೆ ಮುಂದಿನ ತಿಂಗಳೇ ಮತ್ತೆ ಅರ್ಜಿ ಹಾಕುವುದು ಸುಮ್ನೆ ದುಡ್ಡು ದಂಡ.

ಮದುವೆಗೆ ಮೊದಲೇ ಹತ್ತು ವರ್ಷದ ವಿಸಿಟರ್ ವೀಸಾ ಸಿಕ್ಕಿತ್ತು. ಅದರಲ್ಲಿ ಹೋಗಬಹುದಾ?

ಹೋಗಬಹುದು. ಐ-130 ಹಾಕಿದ ಮಾತ್ರಕ್ಕೆ ಹಳೇ ವೀಸಾ ರದ್ದಾಗುವುದಿಲ್ಲ. ಆದರೆ ವೀಸಾ ಅಂದರೆ ಬಾಗಿಲವರೆಗೆ ಹೋಗಲು ಅನುಮತಿ. ಒಳಗೆ ಬಿಡುವುದು ಏರ್‌ಪೋರ್ಟ್‌ನಲ್ಲಿರುವ ಸಿಬಿಪಿ (ಅಮೆರಿಕದ ಗಡಿ ಇಲಾಖೆ) ಅಧಿಕಾರಿ. ಕಾನ್ಸುಲೇಟ್‌ನಲ್ಲಿ ಕೇಳುವ ಪ್ರಶ್ನೆಗಳನ್ನು ಅವರೂ ಕೇಳುತ್ತಾರೆ.

ಏರ್‌ಪೋರ್ಟ್‌ನಲ್ಲಿ ಏನಾಗುತ್ತೆ?

ನಾನು ಬೆಂಗಳೂರಿನಿಂದ ಅಬುಧಾಬಿ ಮೇಲೆ ನ್ಯೂಯಾರ್ಕ್‌ಗೆ ಹೋದೆ. ಅಬುಧಾಬಿಯಲ್ಲಿ ಅಮೆರಿಕದ ಅಧಿಕಾರಿಗಳು ವಿಮಾನ ಹತ್ತುವ ಮೊದಲೇ ಇಮಿಗ್ರೇಶನ್ ಮುಗಿಸಿಬಿಡುತ್ತಾರೆ. ಐರ್ಲೆಂಡಿನ ಡಬ್ಲಿನ್‌ನಲ್ಲೂ ಹೀಗೇ. ನನಗೆ ಇದು ಸಮಾಧಾನ ಅನ್ನಿಸಿತು. ಅಲ್ಲಿ ಬೇಡ ಅಂದರೆ ಹದಿನಾಲ್ಕು ಗಂಟೆ ಹಾರಿ ಹೋಗಿ ವಾಪಸ್ ಬರುವ ಸಂಕಟ ಇಲ್ಲ.

ಗಂಡನನ್ನು ನೋಡಲು ಅಂದ ಕೂಡಲೇ ನನ್ನನ್ನು ಪಕ್ಕದ ಕೋಣೆಗೆ ಕಳಿಸಿದರು. ಹೆದರಬೇಡಿ, ಅದು ಬಂಧನ ಅಲ್ಲ. ಕೇಳಿದ್ದು ನಾಲ್ಕೇ ಪ್ರಶ್ನೆ: ಎಷ್ಟು ದಿನ, ರಿಟರ್ನ್ ಟಿಕೆಟ್ ಎಲ್ಲಿ, ಊರಲ್ಲಿ ಏನು ಕೆಲಸ, ಐ-130 ಎಲ್ಲಿಗೆ ಬಂತು. ರಜೆ ಪತ್ರ ಮತ್ತು ಟಿಕೆಟ್ ಎರಡನ್ನೂ ಕೈಚೀಲದಲ್ಲಿಟ್ಟಿದ್ದೆ, ತೆಗೆದುಕೊಟ್ಟೆ. ನಲವತ್ತು ನಿಮಿಷದಲ್ಲಿ ಬಿಟ್ಟರು.

ಸೂಟ್‌ಕೇಸ್ ಬಗ್ಗೆ ಒಂದು ಮಾತು. ನನ್ನ ಅತ್ತೆ ಪ್ರೀತಿಯಿಂದ ಮಾರ್ಕ್ಸ್ ಕಾರ್ಡು, ಡಿಗ್ರಿ ಸರ್ಟಿಫಿಕೇಟು, ಮದುವೆಯ ಬೆಳ್ಳಿ ಸಾಮಾನು ಎಲ್ಲ 'ಹೋಗೋದು ಹೋಗ್ತೀಯ, ತಗೊಂಡು ಹೋಗು' ಅಂತ ಕಟ್ಟಿಟ್ಟಿದ್ದರು. ಹಿಂದಿನ ರಾತ್ರಿ ಎಲ್ಲ ತೆಗೆದಿಟ್ಟೆ. ಐದು ವಾರಕ್ಕೆ ಹೋಗುವವರ ಪೆಟ್ಟಿಗೆಯಲ್ಲಿ ಮೂಲ ಸರ್ಟಿಫಿಕೇಟು ಯಾಕೆ ಅಂತ ಅಧಿಕಾರಿ ಕೇಳಿದರೆ ಉತ್ತರ ಇಲ್ಲ. ಫೋನ್ ನೋಡುವ ಅಧಿಕಾರವೂ ಅವರಿಗಿದೆ. 'ಒಂದ್ಸಲ ಹೋದ್ರೆ ಬರಲ್ಲ' ಅಂತ ತಂಗಿಗೆ ತಮಾಷೆಗೆ ಹಾಕಿದ ಮೆಸೇಜು ಅಲ್ಲಿ ತಮಾಷೆಯಾಗಿ ಉಳಿಯುವುದಿಲ್ಲ.

ಚಟ್ನಿಪುಡಿ, ಸಾರಿನ ಪುಡಿ, ಉಪ್ಪಿನಕಾಯಿ ಫಾರಂನಲ್ಲಿ ತೋರಿಸಿ ಒಯ್ಯಬಹುದು. ಹಸಿ ಕರಿಬೇವು, ಹಣ್ಣು, ಮಾಂಸ ಬೇಡ.

ಒಳಗೆ ಬಿಡುವುದಿಲ್ಲ ಅಂದುಬಿಟ್ಟರೆ, ಪ್ರವೇಶದ ಕೋರಿಕೆಯನ್ನು ನಾನೇ ವಾಪಸ್ ಪಡೆಯುತ್ತೇನೆ ಅಂತ ಕೇಳಿ. ಕೊಡುವುದು ಬಿಡುವುದು ಅವರಿಗೆ ಬಿಟ್ಟದ್ದು. ಸಿಕ್ಕರೆ, ತಕ್ಷಣದ ಗಡೀಪಾರು ಆದೇಶ ಮತ್ತು ಅದರ ಜೊತೆ ಬರುವ ಐದು ವರ್ಷದ ತಡೆ ತಪ್ಪುತ್ತದೆ.

ಎಷ್ಟು ದಿನ ಇರಬಹುದು?

ವೀಸಾ ಮೇಲಿನ ತಾರೀಖು ನೋಡಬೇಡಿ, ಐ-94 ಅನ್ನುವ ಪ್ರವೇಶ ದಾಖಲೆಯಲ್ಲಿರುವ ಕೊನೆಯ ದಿನ ನೋಡಿ. ಒಳಗೆ ಬಂದ ದಿನ ಅದು ತಯಾರಾಗುತ್ತದೆ, ಸಿಬಿಪಿಯ ವೆಬ್‌ಸೈಟ್‌ನಲ್ಲಿ ಸಿಗುತ್ತದೆ. ಸಾಮಾನ್ಯವಾಗಿ ಆರು ತಿಂಗಳು ಕೊಡುತ್ತಾರೆ, ಕಡಿಮೆಯನ್ನೂ ಕೊಡಬಹುದು. ಆ ದಿನ ದಾಟಿದರೆ ವೀಸಾ ಅಲ್ಲಿಗೇ ಸತ್ತಂತೆ. 180 ದಿನಕ್ಕಿಂತ ಜಾಸ್ತಿ ಮೀರಿ ಉಳಿದು ಹೊರಗೆ ಬಂದರೆ ಮೂರು ವರ್ಷ, ಒಂದು ವರ್ಷ ಮೀರಿದರೆ ಹತ್ತು ವರ್ಷ ಒಳಗೆ ಬರುವಂತಿಲ್ಲ.

ಐ-539 ಹಾಕಿ ಅವಧಿ ಮುಂದುವರಿಸಲು ಕೇಳಬಹುದು. ಆದರೆ ಐದು ವಾರ ಅಂತ ಹೇಳಿ ಹೋಗಿ ಐದು ತಿಂಗಳು ಕೂತರೆ ಮುಂದಿನ ಸಲ ನಿಮ್ಮ ಮಾತನ್ನು ಯಾರೂ ನಂಬುವುದಿಲ್ಲ. ಹೇಳಿದ ದಿನಕ್ಕೆ ಬನ್ನಿ. ನಾನು ಬರುವ ದಿನ ಅತ್ತಿದ್ದೆ, ಆದರೂ ಬಂದೆ.

ಹೋದ ಮೇಲೆ ಅಲ್ಲೇ ಉಳಿದು ಗ್ರೀನ್ ಕಾರ್ಡ್‌ಗೆ ಹಾಕಿದರೆ ಆಗಲ್ವಾ? ಯಾರೋ ಹಾಗೆ ಮಾಡಿದರಂತೆ.

ಮಾಡಿದವರು ಇದ್ದಾರೆ. ಅಮೆರಿಕದ ಒಳಗಿದ್ದೇ ಐ-485, ಅಂದರೆ ಗ್ರೀನ್ ಕಾರ್ಡ್ ಅರ್ಜಿ, ಹಾಕುವ ದಾರಿ ಕಾನೂನಿನಲ್ಲಿ ಇದೆ. ಗಂಡ ಸಿಟಿಜನ್ ಆಗಿದ್ದರೆ ಅದು ಇನ್ನೂ ಸುಲಭ. ಆದರೆ ಹೋಗುವಾಗಲೇ ಉಳಿಯುವ ಯೋಚನೆ ಇಟ್ಟುಕೊಂಡು, ಅಧಿಕಾರಿಗೆ 'ನೋಡಿಕೊಂಡು ಬರುತ್ತೇನೆ' ಅಂದರೆ ಅದು ಸುಳ್ಳು, ಮೇಲೆ ಹೇಳಿದ ಜೀವನಪೂರ್ತಿ ತಡೆಯ ಸುಳ್ಳು. ಹೋದ 90 ದಿನದೊಳಗೆ ವಿಸಿಟರ್ ವೀಸಾಕ್ಕೆ ಒಪ್ಪದ ಕೆಲಸ ಮಾಡಿದರೆ ಮೊದಲಿನಿಂದಲೇ ಆ ಯೋಚನೆ ಇತ್ತು ಅಂತ ಅನುಮಾನಿಸಲು ಅಮೆರಿಕದ ವಿದೇಶಾಂಗ ಇಲಾಖೆಯ ಕೈಪಿಡಿ ಹೇಳುತ್ತದೆ. 91ನೇ ದಿನಕ್ಕೆ ಎಲ್ಲ ಸರಿ ಅಂತಲೂ ಅಲ್ಲ.

ಗಂಡನ ಬಳಿ ಗ್ರೀನ್ ಕಾರ್ಡ್ ಮಾತ್ರ ಇದ್ದರೆ ಇನ್ನೂ ಕಷ್ಟ. ವೀಸಾ ಸಾಲಿನಲ್ಲಿ (ಮುಂದಿನ ಪ್ರಶ್ನೆ ನೋಡಿ) ನಿಮ್ಮ ಸರದಿಯ ದಿನ ಬಂದಿರಬೇಕು, ಐ-94 ಮೀರಿರಬಾರದು. ಐ-485 ಹಾಕಿ, ಅಡ್ವಾನ್ಸ್ ಪರೋಲ್ (ಹೋಗಿ ವಾಪಸ್ ಬರಲು ಮೊದಲೇ ಕೊಡುವ ಅನುಮತಿ) ಪಡೆಯದೆ ಊರಿಗೆ ಬಂದರೆ ಆ ಅರ್ಜಿಯನ್ನು ಕೈಬಿಟ್ಟಂತೆ. ಅಲ್ಲಿ ಕೂತಾಗ ಅಮ್ಮನಿಗೆ ಹುಷಾರಿಲ್ಲ ಅಂತ ಫೋನ್ ಬಂದರೆ ಏನು ಮಾಡುತ್ತೀರಿ? ಇದನ್ನು ಮೊದಲೇ ಯೋಚಿಸಿ.

ಗ್ರೀನ್ ಕಾರ್ಡ್ ಇದ್ದವರ ಹೆಂಡತಿಗೂ ಸಿಟಿಜನ್ ಹೆಂಡತಿಗೂ ಏನು ವ್ಯತ್ಯಾಸ?

ತುಂಬಾ ಇದೆ. ಎಷ್ಟು ಕಾಯಬೇಕು ಅನ್ನುವುದು ಇದರ ಮೇಲೇ ನಿಂತಿದೆ.

ಸಿಟಿಜನ್ನರ ಗಂಡ-ಹೆಂಡತಿಗೆ ವರ್ಷಕ್ಕೆ ಇಷ್ಟೇ ಅನ್ನುವ ಮಿತಿ ಇಲ್ಲ. ಕಾಗದ ಪತ್ರ ಓಡುವ ಸಮಯ ಅಷ್ಟೇ. ಗ್ರೀನ್ ಕಾರ್ಡ್ ಇದ್ದವರ ಗಂಡ-ಹೆಂಡತಿ ಎಫ್2ಎ ಅನ್ನುವ ಸಾಲಿನಲ್ಲಿ ನಿಲ್ಲಬೇಕು. ಆ ಸಾಲು ಎಲ್ಲಿಗೆ ಬಂತು ಅಂತ ಪ್ರತಿ ತಿಂಗಳು ವೀಸಾ ಬುಲೆಟಿನ್‌ನಲ್ಲಿ ಹಾಕುತ್ತಾರೆ. 2019ರ ಜುಲೈನಿಂದ 2023ರ ಮಾರ್ಚ್‌ವರೆಗೆ ಈ ಸಾಲಿನಲ್ಲಿ ಕಾಯುವಿಕೆಯೇ ಇರಲಿಲ್ಲ. ನಾವು ಅರ್ಜಿ ಹಾಕಿದ್ದೂ ಆ ಧೈರ್ಯದಲ್ಲೇ. 2023ರ ಏಪ್ರಿಲ್‌ನಲ್ಲಿ ತಾರೀಖು ವರ್ಷಗಟ್ಟಲೆ ಹಿಂದಕ್ಕೆ ಹೋಯಿತು. ಆ ಬುಲೆಟಿನ್ ಓದಿದ ದಿನ ನನಗೆ ಊಟ ಸೇರಲಿಲ್ಲ.

2024ರಲ್ಲಿ ನನ್ನ ಗಂಡ ಸಿಟಿಜನ್ ಆದರು. ಹೊಸ ಐ-130 ಬೇಕಾಗಲಿಲ್ಲ. ಪೌರತ್ವ ಪ್ರಮಾಣಪತ್ರದ ಪ್ರತಿ ಕಳಿಸಿದ ಮೇಲೆ ಹಳೆಯ ಅರ್ಜಿಯೇ ಸಾಲು ಬದಲಿಸಿತು. ಮಕ್ಕಳಿರುವವರು ಇಲ್ಲಿ ಎಚ್ಚರವಾಗಿರಿ. ಎಫ್2ಎಯಲ್ಲಿ ತಾಯಿಯ ಅರ್ಜಿಯೊಳಗೇ ಮಗುವೂ ಬರುತ್ತದೆ. ಸಿಟಿಜನ್ ಆದ ಕೂಡಲೇ ಆ ಅನುಕೂಲ ಹೋಗುತ್ತದೆ, ಮಗುವಿಗೆ ಬೇರೆ ಐ-130 ಹಾಕಬೇಕು. ಇದು ಗೊತ್ತಿಲ್ಲದೆ ಮುಂಬೈವರೆಗೆ ಹೋಗಿ, ಮಗುವಿನದು ಇಲ್ಲ ಅಂತ ವಾಪಸ್ ಬಂದ ಒಬ್ಬ ತಾಯಿಯ ಜೊತೆ ನಾನು ಮಾತಾಡಿದ್ದೇನೆ.

ಗಂಡನಿಗೆ ಇನ್ನೂ ಎಚ್-1ಬಿ ಕೆಲಸದ ವೀಸಾ ಮಾತ್ರ ಇದೆ. ಗ್ರೀನ್ ಕಾರ್ಡ್ ಪ್ರಕ್ರಿಯೆ ನಡೆಯುತ್ತಿದೆ.

ಹಾಗಿದ್ದರೆ ನಿಮ್ಮ ದಾರಿ ಸುಲಭ. ಎಚ್-1ಬಿ ಇರುವವರ ಗಂಡ-ಹೆಂಡತಿಗೆ ಕೊಡುವ ಎಚ್-4 ವೀಸಾ ತೆಗೆದುಕೊಂಡು ಹೋಗಿ ಜೊತೆಯಲ್ಲೇ ಇರಬಹುದು. ಎಚ್-1ಬಿ, ಎಚ್-4ಗಳಲ್ಲಿ ಮುಂದೆ ನೆಲೆಸುವ ಉದ್ದೇಶ ಇದ್ದರೂ ತಪ್ಪಿಲ್ಲ.

ಇನ್ನೂ ಮದುವೆ ಆಗದವರಿಗೆ ಒಂದು ಮಾತು. ಗಂಡಿಗೆ ಗ್ರೀನ್ ಕಾರ್ಡ್ ಕೈಗೆ ಬರುವ ಮೊದಲೇ ಮದುವೆಯಾದರೆ ಹೆಂಡತಿಯೂ ಅದೇ ಪ್ರಕರಣದಲ್ಲಿ ಸೇರುತ್ತಾಳೆ. ಬಂದ ಮೇಲೆ ಮದುವೆಯಾದರೆ ಎಫ್2ಎ ಸಾಲಿನ ಕೊನೆಗೆ ನಿಲ್ಲಬೇಕು. ಮಾತುಕತೆಯಲ್ಲಿ ಜಾತಕ, ಮುಹೂರ್ತ ಎಲ್ಲ ಕೇಳುತ್ತೇವೆ. 'ಗ್ರೀನ್ ಕಾರ್ಡ್ ಯಾವ ಹಂತದಲ್ಲಿದೆ' ಅಂತಲೂ ಕೇಳಿ. ಅದರಲ್ಲಿ ಸಂಕೋಚ ಬೇಡ.

ಕೆ-3 ವೀಸಾ ಅಂತ ಇದೆಯಂತಲ್ಲ?

ಐ-130 ಬಾಕಿ ಇರುವಾಗಲೇ ಹೋಗಿ ಸೇರಲು ಸಿಟಿಜನ್ನರ ಹೆಂಡತಿಗೆ ಅಂತ ಕಾನೂನಿನಲ್ಲಿ ಇದೆ. ಐ-130 ಮಂಜೂರಾಯಿತೆಂದರೆ ಮತ್ತೆ ಕೆ-3 ಅನ್ವಯವಾಗುವುದಿಲ್ಲ, ಹಾಗಾಗಿ ಈಗ ಸಿಗುವುದು ಬಹಳ ಅಪರೂಪ. ಅದನ್ನು ನಂಬಿ ಕೂರಬೇಡಿ.

ವೀಸಾ ಸಿಗಲಿಲ್ಲ. ಬೇರೆ ದಾರಿ ಏನು?

ಅವರು ಬರಲಿ. ಮೂರು ವರ್ಷದಲ್ಲಿ ನನ್ನ ಗಂಡ ನಾಲ್ಕು ಸಲ ಬಂದರು. ಒಂದು ಸಲ ದಸರಾಕ್ಕೆ ಬರೀ ಒಂಬತ್ತು ದಿನ. ಗ್ರೀನ್ ಕಾರ್ಡ್ ಇರುವವರು ಒಂದೇ ಸಲ ಆರು ತಿಂಗಳಿಗಿಂತ ಜಾಸ್ತಿ ಹೊರಗಿರಬಾರದು. ಹಾಗಿದ್ದರೆ ವಾಪಸ್ ಹೋಗುವಾಗ ಪ್ರಶ್ನೆ ಬರುತ್ತದೆ, ಪೌರತ್ವಕ್ಕೆ ಬೇಕಾದ ಐದು ವರ್ಷದ ಸತತ ವಾಸದ ಲೆಕ್ಕವೂ ಕೆಡಬಹುದು. ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಆದರೆ, ಮೊದಲೇ ರೀ-ಎಂಟ್ರಿ ಪರ್ಮಿಟ್ ಪಡೆಯದಿದ್ದರೆ ಬರೀ ಕಾರ್ಡ್ ತೋರಿಸಿ ಒಳಗೆ ಹೋಗುವಂತಿಲ್ಲ. ಅಮೆರಿಕದ ಪಾಸ್‌ಪೋರ್ಟ್ ಇರುವವರು ಒಸಿಐ ಕಾರ್ಡ್ (ಭಾರತೀಯ ಮೂಲದವರಿಗೆ ಕೊಡುವುದು) ಅಥವಾ ಇ-ವೀಸಾದಲ್ಲಿ ಬರಬಹುದು.

ನಡುದಾರಿಯಲ್ಲಿ ಸೇರುವುದೂ ಒಂದು ಉಪಾಯ. ನೇಪಾಳಕ್ಕೆ ನಮಗೆ ವೀಸಾ ಬೇಡ, ಅಮೆರಿಕದ ಪಾಸ್‌ಪೋರ್ಟ್‌ಗೆ ಕಠ್ಮಂಡುವಿನಲ್ಲಿ ಇಳಿದ ಮೇಲೆ ಕೊಡುತ್ತಾರೆ.

ಬೋರ್ಡಿಂಗ್ ಪಾಸು, ಪಾಸ್‌ಪೋರ್ಟಿನ ಠಸ್ಸೆ, ಜೊತೆಯಲ್ಲಿ ತೆಗೆದ ಫೋಟೋ ಎತ್ತಿಟ್ಟುಕೊಳ್ಳಿ. ಮದುವೆ ನಿಜ ಅಂತ ಮುಂಬೈನಲ್ಲಿ ತೋರಿಸಲು ಇವೇ ಒಳ್ಳೆಯ ಸಾಕ್ಷಿ.

ನನ್ನ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇದೆ. ತೊಂದರೆನಾ?

ನಮ್ಮ ಕಡೆ ಇದು ಮಾಮೂಲು. ಅಮೆರಿಕದ ವೀಸಾದಲ್ಲಿ ನಿಮ್ಮ ಹೆಸರನ್ನು ಸರ್‌ನೇಮ್ ಜಾಗಕ್ಕೆ ಹಾಕಿ, ಹೆಸರಿನ ಜಾಗದಲ್ಲಿ ಮೊದಲ ಹೆಸರು ಗೊತ್ತಿಲ್ಲ ಅನ್ನುವ ಅರ್ಥದ 'ಎಫ್‌ಎನ್‌ಯು' ಅಂತ ಹಾಕುತ್ತಾರೆ. ತೊಂದರೆ ಬರುವುದು ಐ-130ನಲ್ಲಿ ಗಂಡನ ಮನೆಹೆಸರು, ಪಾಸ್‌ಪೋರ್ಟ್‌ನಲ್ಲಿ ಖಾಲಿ, ಮದುವೆ ಪ್ರಮಾಣಪತ್ರದಲ್ಲಿ ಅಪ್ಪನ ಇನಿಷಿಯಲ್ ಹೀಗೆ ಮೂರು ಥರ ಇದ್ದಾಗ. ಪಾಸ್‌ಪೋರ್ಟ್ ಹೇಗಿದೆಯೋ ಎಲ್ಲ ಕಡೆ ಹಾಗೇ ಬರೆಯಿರಿ.

ಅಲ್ಲಿದ್ದಾಗ ಕೆಲಸ ಮಾಡಬಹುದಾ? ಆಸ್ಪತ್ರೆ ಖರ್ಚು?

ಅಲ್ಲಿ ಕೆಲಸಕ್ಕೆ ಸೇರುವಂತಿಲ್ಲ. ಬೆಂಗಳೂರಿನ ಕಂಪನಿ ಕೆಲಸವನ್ನು ಅಲ್ಲಿ ಕೂತು ಲ್ಯಾಪ್‌ಟಾಪ್‌ನಲ್ಲಿ ಮಾಡುವುದರ ಬಗ್ಗೆ ವಕೀಲರಲ್ಲೇ ಎರಡು ಮಾತಿದೆ. ರಜೆ ಹಾಕಿ ಹೋಗುವುದು ಕ್ಷೇಮ. ವಿಸಿಟರ್ ಇನ್ಶೂರೆನ್ಸ್ ಮಾಡಿಸದೆ ಹೋಗಲೇಬೇಡಿ. ಗರ್ಭಿಣಿಯಾಗಿದ್ದರೆ ಅದನ್ನೂ ಮುಚ್ಚಿಡಬೇಡಿ. ಇಂಥ ಇನ್ಶೂರೆನ್ಸ್ ಹೆರಿಗೆ ಖರ್ಚು ಕೊಡುವುದಿಲ್ಲ ಅಂತಲೇ ಲೆಕ್ಕ ಹಾಕಿಕೊಳ್ಳಿ.

ವಾಪಸ್ ಬಂದ ಮೇಲೆ ಏನಾದರೂ ಮಾಡಬೇಕಾ?

ಐ-94 ಸಿಗುವ ವೆಬ್‌ಸೈಟ್‌ನಲ್ಲೇ ನಿಮ್ಮ ಪ್ರಯಾಣದ ಇತಿಹಾಸವೂ ಕಾಣುತ್ತದೆ. ಹೊರಟ ದಿನ ಸರಿಯಾಗಿ ದಾಖಲಾಗಿದೆಯಾ ನೋಡಿ, ಒಂದು ಪ್ರಿಂಟ್ ತೆಗೆದಿಡಿ. ಮುಂದೆ ಇಮಿಗ್ರಂಟ್ ವೀಸಾದ ಡಿಎಸ್-260 ಫಾರಂ ತುಂಬುವಾಗ ಹಿಂದೆ ಅಮೆರಿಕಕ್ಕೆ ಹೋದ ತಾರೀಖು, ಎಷ್ಟು ದಿನ ಇದ್ದಿರಿ ಅಂತ ಕೇಳುತ್ತಾರೆ. ನಾನು ಬೋರ್ಡಿಂಗ್ ಪಾಸನ್ನು ಲಗ್ನಪತ್ರಿಕೆ ಇಟ್ಟಿದ್ದ ಫೈಲಿಗೇ ಸೇರಿಸಿದ್ದೆ. ಮುಂಬೈನಲ್ಲಿ ಅಧಿಕಾರಿ, "2023ರಲ್ಲಿ ಹೋಗಿ ಹೇಳಿದ ದಿನಕ್ಕೇ ಬಂದಿದ್ದೀರಿ" ಅಂತ ತಾವೇ ಸ್ಕ್ರೀನ್ ನೋಡಿ ಹೇಳಿದರು. ಆ ಫೈಲ್ ತೆರೆಯುವ ಪ್ರಸಂಗವೇ ಬರಲಿಲ್ಲ.